ಎರಡಿಂಚಿನ ಬಿಲ್ಲೆ, ಮೂರು ಟನ್ನಿನ ಹಿಡಿತ

ಥಾರ್, ಬೊಲೆರೊ, ಹಳೆಯ ಜಿಪ್ಸಿ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಎಂದೂ ಹಳತಾಗುವುದಿಲ್ಲ. ದೊಡ್ಡ ಟೈರು ಹಾಕಬೇಕು, ಅದಕ್ಕೆ ಬಾಡಿಯನ್ನು ಎರಡು ಇಂಚು ಎತ್ತಬೇಕು, ಚಾಸಿಗೂ ಬಾಡಿಗೂ ನಡುವೆ ಇಡುವ ಬ್ಲಾಕು ಯಾವುದರದ್ದಾದರೆ ಒಳ್ಳೆಯದು? ಕೇಳುವವರ ಹತ್ತಿರ ಉತ್ತರವೂ ಅರ್ಧ ತಯಾರಾಗಿಯೇ ಇರುತ್ತದೆ. ಒಬ್ಬರಿಗೆ ಗ್ಯಾರೇಜಿನವರು "ನೈಲಾನ್ ಹಾಕ್ಸಿಬಿಡ್ರಿ, ಜಂಗ್ ಹಿಡಿಯಂಗಿಲ್ಲ" ಎಂದಿರುತ್ತಾರೆ. ಇನ್ನೊಬ್ಬರು ಯೂಟ್ಯೂಬಿನಲ್ಲಿ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಬಿಲ್ಲೆ ನೋಡಿ ಮನಸೋತಿರುತ್ತಾರೆ. ಮೂರನೆಯವರಿಗೆ ರಬ್ಬರಾದರೆ ಕುಲುಕಾಟ ಕಡಿಮೆ ಎಂಬ ನಂಬಿಕೆ. ರಾಯಚೂರು ಜಿಲ್ಲೆಯ ಶಕ್ತಿನಗರದಿಂದ ಮಾನ್ವಿ, ದೇವದುರ್ಗದವರೆಗಿನ ನಮ್ಮ ಎರೆ ನೆಲಕ್ಕೆ, ಇಲ್ಲಿನ ಬಿಸಿಲಿಗೆ ನನ್ನ ಉತ್ತರ ಬೇರೆ: ಲೇತ್ ಮೇಲೆ ಕಡೆದು ಸತುವಿನ ಲೇಪ ಕೊಟ್ಟ ಸಾದಾ ಉಕ್ಕಿನ ಗಟ್ಟಿ ಬಿಲ್ಲೆ. ಫೋಟೊ ತೆಗೆದು ಹಾಕುವಂಥ ಉತ್ತರವಲ್ಲ ಇದು. ಹಾಗಾಗಿ ಕಾರಣ ಕೊಡಬೇಕಾದ ಹೊಣೆ ನನ್ನದು.

ಮೊದಲು, ಬಾಡಿ ಲಿಫ್ಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು. ಬೊಲೆರೊ, ಸ್ಕಾರ್ಪಿಯೊ, ಥಾರ್, ಗುರ್ಖಾ, ಜಿಮ್ನಿ, ನಮ್ಮ ಊರುಗಳ ನಡುವೆ ಜನ ತುಂಬಿಕೊಂಡು ಓಡುವ ಕ್ರೂಸರ್, ಇವೆಲ್ಲ ಏಣಿಯಂಥ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಡಸ್ಟರ್, ಕ್ರೆಟಾದಂಥವುಗಳಲ್ಲಿ ಚಾಸಿ, ಬಾಡಿ ಎರಡೂ ಒಂದೇ ಆದ್ದರಿಂದ ಈ ಮಾತು ಅವಕ್ಕೆ ಸಲ್ಲುವುದೇ ಇಲ್ಲ. ಏಣಿ ಚಾಸಿಯ ಗಾಡಿಯಲ್ಲಿ ಎಂಟೋ ಹತ್ತೋ ಕಡೆ ರಬ್ಬರ್ ಬುಷ್ ಇಟ್ಟು ಬೋಲ್ಟ್ ಹಾಕಿರುತ್ತಾರೆ. ಆ ಬೋಲ್ಟ್ ಬಿಚ್ಚಿ, ಬಾಡಿಗೆ ಜಾಕ್ ಕೊಟ್ಟು ಎತ್ತಿ, ಸಂದಿಗೆ ಬ್ಲಾಕ್ ಇಟ್ಟು, ಉದ್ದನೆಯ ಬೋಲ್ಟ್ ಹಾಕಿದರೆ ಕೆಲಸ ಮುಗಿಯಿತು. ಚಾಸಿ, ಎಂಜಿನ್, ಆಕ್ಸಲ್ ಎಲ್ಲ ಇದ್ದಲ್ಲೇ ಇರುತ್ತವೆ. ಅಂದರೆ ಹೊಲದ ಬದುವಿಗೆ ತಗಲುವ ಡಿಫರೆನ್ಷಿಯಲ್ ಗುಂಡು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರು; ಆ ಟೈರಿಗೆ ಜಾಗ ಮಾಡಿಕೊಡುವುದಷ್ಟೇ ಬಾಡಿ ಲಿಫ್ಟಿನ ಕೆಲಸ. ಆದರೆ ನಮ್ಮ ಕಡೆ ಇದಕ್ಕೆ ಇನ್ನೊಂದು ಉಪಯೋಗವಿದೆ. ಮಳೆ ಬಿದ್ದ ಎರೆ ಹೊಲದಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿಗೆ ಕಟ್ಟಿದ ಮಣ್ಣು ಚಪ್ಪಲಿಗಿಂತ ಭಾರವಾಗುತ್ತದೆ. ಗಾಲಿಗೂ ಅದೇ ಗತಿ. ಅಂಟಿದ ರಾಡಿ ಗಾಲಿಯ ಜತೆ ಸುತ್ತಿ ಮಡ್ಗಾರ್ಡಿನ ಒಳಗೆಲ್ಲ ತುಂಬಿ, ಕೊನೆಗೆ ಗಾಲಿಯೇ ತಿರುಗದಂತೆ ಕಚ್ಚಿಕೊಳ್ಳುತ್ತದೆ. ಒಣಗಿತೋ, ಗುದ್ದಲಿಗೂ ಜಗ್ಗದು. ಕೊಡಚಾದ್ರಿ ಹತ್ತುವ ಜೀಪಿಗೆ ಕಲ್ಲಿನ ಕಾಟವಾದರೆ ಮಾನ್ವಿಯ ಗದ್ದೆ ದಾರಿಯ ಜೀಪಿಗೆ ಈ ಅಂಟಿನ ಕಾಟ. ಸಂದು ಎರಡು ಇಂಚು ಹೆಚ್ಚಾದರೆ ಮಣ್ಣು ಉದುರಿ ಬೀಳಲು ದಾರಿಯಾಗುತ್ತದೆ. ಬಾಡಿ ಎತ್ತುವುದೆಲ್ಲ ಬರೀ ಶೋಕಿ ಎನ್ನುವವರ ಮಾತನ್ನು ಹಾಗಾಗಿ ಪೂರ್ತಿ ಒಪ್ಪಲಾರೆ.

ಈಗ ಬ್ಲಾಕಿನ ವಿಚಾರ. ಬಹುತೇಕರ ಕಣ್ಣ ಮುಂದೆ ಇರುವ ಚಿತ್ರ ಒಂದೇ: ಬ್ಲಾಕು ಕಂಬದಂತೆ ನಿಂತು ಬಾಡಿಯ ಭಾರ ಹೊರುತ್ತದೆ. ಹೊರುವುದು ನಿಜ, ಆದರೆ ಆ ಭಾರ ತೀರ ಸಣ್ಣದು. ಬಾಡಿ, ಸೀಟು, ಒಳಗೆ ಕೂತವರು, ಸಾಮಾನು ಎಲ್ಲ ಸೇರಿ ಸಾವಿರ ಕಿಲೋ ಎಂದೇ ಇಟ್ಟುಕೊಳ್ಳಿ. ಹತ್ತು ಕಡೆ ಹಂಚಿದರೆ ಒಂದೊಂದರ ಪಾಲಿಗೆ ನೂರು ಕಿಲೋ, ಒಂದು ಭತ್ತದ ಚೀಲಕ್ಕಿಂತ ತುಸು ಜಾಸ್ತಿ. ಗಾಡಿ ಗುಂಡಿಗೆ ಬಿದ್ದಾಗ ಅದು ಎರಡರಷ್ಟು, ಮೂರರಷ್ಟಾದೀತು. ಇಷ್ಟು ಹೊರಲು ಬೇವಿನ ತುಂಡೂ ಸಾಕು. ಬ್ಲಾಕನ್ನು ನಿಜವಾಗಿ ಹಿಂಡುವುದು ಬಾಡಿಯಲ್ಲ, ಬೋಲ್ಟು. 12 ಮಿಲಿಮೀಟರ್ ದಪ್ಪದ, 8.8 ದರ್ಜೆಯ ಬೋಲ್ಟನ್ನು ಸರಿಯಾಗಿ ಬಿಗಿದರೆ ಅದು ಸುಮಾರು ಮೂರು ಟನ್ ಬಲದಿಂದ ಬಾಡಿ, ಬ್ಲಾಕು, ಬುಷ್ಷಿನ ಒಳಗಿನ ಉಕ್ಕಿನ ಕೊಳವೆ, ಎಲ್ಲವನ್ನೂ ಒಟ್ಟಿಗೆ ಅಮುಕಿ ಹಿಡಿಯುತ್ತದೆ. ಬಾಡಿ ಅತ್ತಿತ್ತ ಜಾರದಂತೆ ತಡೆಯುವುದು ಈ ಹಿಡಿತದಿಂದ ಹುಟ್ಟುವ ಘರ್ಷಣೆ. ಬೋಲ್ಟಿನ ಕಡ್ಡಿ ಅಡ್ಡ ನಿಂತು ತಡೆಯುತ್ತದೆ ಎಂದುಕೊಳ್ಳುವುದು ತಪ್ಪು. ಬಿಗಿದ ಬೋಲ್ಟು ಎಂದರೆ ಎಳೆದು ಕಟ್ಟಿದ ಸ್ಪ್ರಿಂಗೇ. ಲೆಕ್ಕ ಹಾಕಿದರೆ, ನೂರು ಮಿಲಿಮೀಟರ್ ಉದ್ದದ ಅಂಥ ಬೋಲ್ಟು ಮೂರು ಟನ್ ಎಳೆತಕ್ಕೆ ಹಿಗ್ಗುವುದು ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕೂ ಕಡಿಮೆ. ನೋಟ್‌ಬುಕ್ಕಿನ ಎರಡು ಹಾಳೆ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಗಟ್ಟಿ ಬ್ಲಾಕಿನ ಮೇಲೆ ಬಿಗಿದ ಹಿಡಿತವೆಲ್ಲ ಈ ಎರಡು ಹಾಳೆಯಲ್ಲೇ ಅಡಗಿದೆ. ಆಮೇಲೆ ಏನಾದರೂ ಅಷ್ಟು ಕುಸಿಯಿತೆಂದರೆ ಮೂರು ಟನ್ನೂ ಮಾಯ. ಸಡಿಲಾದ ಬಾಡಿ ಪ್ರತಿ ತಿರುವಿನಲ್ಲಿ ಕೂದಲೆಳೆಯಷ್ಟು ಜಾರುತ್ತದೆ, ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ಬೋಲ್ಟು ದಿನಕ್ಕೆ ಸಾವಿರ ಸಲ ಬಾಗಿ ಬಾಗಿ ಒಂದು ದಿನ ತುಂಡಾಗುತ್ತದೆ. ಬ್ಲಾಕಿಗೆ ಎಷ್ಟು ಭಾರ ಹೊರುವ ಶಕ್ತಿಯಿದೆ ಎಂದು ಕೇಳುವ ಬದಲು, ಬಿಗಿದ ದಿನದ ಎತ್ತರವನ್ನೇ ಮೂರು ವರ್ಷದ ನಂತರವೂ ಉಳಿಸಿಕೊಳ್ಳುತ್ತದೆಯೇ ಎಂದು ಕೇಳಬೇಕು.

ಉಳಿಸಿಕೊಳ್ಳದಿರುವ ಗುಣಕ್ಕೆ ಎಂಜಿನಿಯರುಗಳು ಕ್ರೀಪ್ ಎನ್ನುತ್ತಾರೆ. ಭಾರ ಹೆಚ್ಚಾಗದಿದ್ದರೂ, ಇದ್ದ ಭಾರಕ್ಕೇ ವಸ್ತು ಕಾಲ ಕಳೆದಂತೆ ಮೆಲ್ಲಗೆ ಸೋಲುತ್ತ ಹೋಗುವುದು. ಮೇ ತಿಂಗಳ ಮಧ್ಯಾಹ್ನ ಡಾಂಬರು ರಸ್ತೆಯ ಬದಿಗೆ ಬೈಕಿನ ಸೈಡ್ ಸ್ಟ್ಯಾಂಡ್ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಸ್ಟ್ಯಾಂಡಿನ ಪಾದ ಡಾಂಬರಿನಲ್ಲಿ ಹೂತಿರುತ್ತದಲ್ಲ, ಅದೇ. ಶಕ್ತಿನಗರದಲ್ಲಿ ಈ ಪದ ಹೊಸದೇನಲ್ಲ. 1985ರಲ್ಲಿ ಮೊದಲ ಘಟಕ ಶುರುವಾಗಿ ಎಂಟು ಘಟಕ, 1,720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಅಲ್ಲಿನ ಶಾಖೋತ್ಪನ್ನ ಕೇಂದ್ರದಂಥ ಸ್ಥಾವರಗಳಲ್ಲಿ ಬಾಯ್ಲರಿನಿಂದ ಟರ್ಬೈನಿಗೆ ಹರಿಯುವ ಹಬೆ ಸುಮಾರು 540 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಆ ಬಿಸಿಗೆ ಸಾದಾ ಉಕ್ಕಿನ ಕೊಳವೆ ಒಳಗಿನ ಒತ್ತಡ ತಾಳದೆ ವರ್ಷಗಟ್ಟಲೆ ಹಿಗ್ಗುತ್ತ ಹೋಗುತ್ತದೆ. ಅದಕ್ಕೇ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು, ಅದಕ್ಕೇ ಕೊಳವೆಗಳ ಅಳತೆ, ತಪಾಸಣೆ. ಉಕ್ಕು ಕರಗಲು 1,500 ಡಿಗ್ರಿಯ ಆಸುಪಾಸು ಬೇಕು, ಕ್ರೀಪ್ ಆಗಲು ಬಾಯ್ಲರಿನ ಬೆಂಕಿಯಾದರೂ ಬೇಕು. ಎಚ್‌ಡಿಪಿಇ, ಅಂದರೆ ತರಕಾರಿ ಹೆಚ್ಚುವ ಬಿಳಿ ಮಣೆಯ ಪ್ಲಾಸ್ಟಿಕ್, 130 ಡಿಗ್ರಿಗೇ ಕರಗುವಂಥದ್ದು. ಅದರ ಪಾಲಿಗೆ ನಮ್ಮ ಬಿಸಿಲೇ ಬಾಯ್ಲರು. 60 ಮಿಲಿಮೀಟರ್ ಅಗಲದ ಬ್ಲಾಕಿನ ಮೇಲೆ ಮೂರು ಟನ್ ಎಂದರೆ ಚದರ ಸೆಂಟಿಮೀಟರಿಗೆ ನೂರು ಕಿಲೋ ಮೀರುತ್ತದೆ. ಅಷ್ಟು ಒತ್ತಡದಲ್ಲಿ ಆ ಪ್ಲಾಸ್ಟಿಕ್ ಎರಡು ಹಾಳೆಯಷ್ಟಲ್ಲ, ಇಪ್ಪತ್ತು ಹಾಳೆಯಷ್ಟು ಕುಸಿದರೂ ಅಚ್ಚರಿಯಿಲ್ಲ. ಅದನ್ನು ಪಟ್ಟಿಯಿಂದ ತೆಗೆದುಹಾಕಲು ಇಷ್ಟೇ ಸಾಕು.

ನೈಲಾನ್ ಇದಕ್ಕಿಂತ ಎಷ್ಟೋ ಮೇಲು ಎಂಬುದನ್ನು ಒಪ್ಪಬೇಕು. ಗಿರಣಿಗಳ ಗೇರು, ಬೇರಿಂಗು, ರೋಲರುಗಳಿಗೆ ಬಳಸುವ ವಸ್ತು ಅದು. ಆದರೂ ಅದರಲ್ಲಿ ಎರಡು ದೋಷ, ಎರಡೂ ನಮ್ಮ ಹವೆಗೆ ಸರಿಯಾಗಿ ಹೊಂದಿಕೊಂಡ ದೋಷ. ಒಂದು, ಬಿಸಿಗೆ ಅದು ಉಕ್ಕಿಗಿಂತ ಏಳೆಂಟು ಪಟ್ಟು ಹಿಗ್ಗುತ್ತದೆ. ಬೆಳಗಿನ ಜಾವ 25 ಡಿಗ್ರಿ ಇದ್ದ ಗಾಡಿಯ ತಳ, ಮೇಲೆ ಸೂರ್ಯ, ಕೆಳಗೆ ಕಾದ ರಸ್ತೆ, ಪಕ್ಕದಲ್ಲಿ ಸೈಲೆನ್ಸರ್ ಸೇರಿ ಮಧ್ಯಾಹ್ನ 65ಕ್ಕೆ ಏರಿತೆನ್ನಿ. 50 ಮಿಲಿಮೀಟರಿನ ನೈಲಾನ್ ಬ್ಲಾಕು ತನ್ನ ಪಕ್ಕದ ಉಕ್ಕಿನ ಬೋಲ್ಟಿಗಿಂತ ಹೆಚ್ಚಾಗಿ ಹಿಗ್ಗುವುದು ಸರಿಸುಮಾರು ನಮ್ಮ ಆ ಎರಡು ಹಾಳೆಯ ಹತ್ತಿರಕ್ಕೆ ಬರುತ್ತದೆ. ಹಿಗ್ಗಲು ಜಾಗವಿಲ್ಲದೆ ತನ್ನನ್ನು ತಾನೇ ಹಿಂಡಿಕೊಂಡು, ಬಿಸಿಯಲ್ಲಿ ಮೆತ್ತಗಾಗಿ, ಕ್ರೀಪ್ ಆಗುತ್ತದೆ. ರಾತ್ರಿ ತಣ್ಣಗಾಗಿ ಕುಗ್ಗಿದಾಗ ಸಡಿಲು. ಬೇಸಿಗೆಯ ಪ್ರತಿ ದಿನವೂ ಈ ಆಟ. ಎರಡು, ನೈಲಾನ್ ನೀರು ಕುಡಿಯುತ್ತದೆ. ಸಾಮಾನ್ಯ ನೈಲಾನ್-6 ಪೂರ್ತಿ ನೆನೆದರೆ ತನ್ನ ತೂಕದ ನೂರಕ್ಕೆ ಒಂಬತ್ತರಷ್ಟು ನೀರು ಹೀರಬಲ್ಲದು. ನೆನೆದ ನೈಲಾನಿಗೆ ಒಣ ನೈಲಾನಿನ ಬಿಗಿ ಇರುವುದಿಲ್ಲ. ಇದರ ಮೇಲೆ ಇನ್ನೊಂದು ಗಂಟು. ಬುಷ್ಷಿನ ಒಳಗಿನ ಉಕ್ಕಿನ ಕೊಳವೆಯ ತುದಿ ನೇರವಾಗಿ ಬ್ಲಾಕಿಗೆ ತಾಗಿದರೆ ಮೂರು ಟನ್ ಬೀಳುವುದು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಉಂಗುರದ ಮೇಲೆ. ಚದರ ಸೆಂಟಿಮೀಟರಿಗೆ ಒಂದೂವರೆ ಟನ್ನಿನ ಲೆಕ್ಕ. ನೈಲಾನಿನಲ್ಲಿ ಅದು ಅಚ್ಚೊತ್ತಿದಂತೆ ಇಳಿಯುತ್ತದೆ. ಹೊರದೇಶದ ಕಿಟ್ಟುಗಳಲ್ಲಿ ನೈಲಾನ್, ಪಾಲಿಯುರಿಥೇನ್ ಬ್ಲಾಕುಗಳೇ ಬರುತ್ತವಲ್ಲ, ಅವರೇನು ದಡ್ಡರೇ ಎಂದು ಕೇಳಬಹುದು. ಅಲ್ಲ. ಚೆನ್ನಾಗಿ ಮಾಡಿದ ಬ್ಲಾಕಿನ ಒಳಗೆ ಅದರಷ್ಟೇ ಎತ್ತರದ ಉಕ್ಕಿನ ಕೊಳವೆ ಇಟ್ಟರೆ ಬೋಲ್ಟಿನ ಬಲವೆಲ್ಲ ಆ ಕೊಳವೆಯ ಮೇಲೆ ಹೋಗುತ್ತದೆ, ಪ್ಲಾಸ್ಟಿಕ್ ಬದುಕಿಕೊಳ್ಳುತ್ತದೆ. ಅಂಥ ಬ್ಲಾಕಿಗೆ ನನ್ನ ತಕರಾರಿಲ್ಲ. ಆದರೆ ಅದನ್ನು ನೈಲಾನ್ ಬ್ಲಾಕು ಎನ್ನುವುದಕ್ಕಿಂತ ನೈಲಾನ್ ಅಂಗಿ ತೊಟ್ಟ ಉಕ್ಕಿನ ಬ್ಲಾಕು ಎನ್ನುವುದೇ ಸರಿ.

ರಬ್ಬರಿನ ಪರವಾದ ವಾದ ಕೇಳಲು ಹಿತವಾಗಿರುತ್ತದೆ. ಕಂಪನಿಯೇ ರಬ್ಬರ್ ಬುಷ್ ಇಟ್ಟಿದೆ, ನಾವು ಇನ್ನಷ್ಟು ರಬ್ಬರ್ ಇಟ್ಟರೆ ಇನ್ನಷ್ಟು ಸುಖ. ಅಮೆರಿಕದಲ್ಲಿ ಐಸ್ ಹಾಕಿಯ ಒಂದಿಂಚು ದಪ್ಪದ ರಬ್ಬರ್ ಬಿಲ್ಲೆಗಳನ್ನೇ ತೂತು ಕೊರೆದು ಹಾಕುವ ರೂಢಿಯೂ ಇದೆ. ಈ ವಾದದಲ್ಲಿ ಎರಡು ಕೆಲಸಗಳು ಕಲಸಿಹೋಗಿವೆ. ಚಾಸಿ ತಿರುಚಿದಾಗ ಬಾಡಿಗೆ ಆ ತಿರುಚು ತಟ್ಟದಂತೆ ಸ್ವಲ್ಪ ಬಳುಕುವುದು ಬುಷ್ಷಿನ ಕೆಲಸ. ಎಷ್ಟು ಬಳುಕಬೇಕೆಂದು ತಯಾರಕರು ಅಳೆದು ಮಾಡಿರುತ್ತಾರೆ. ಎತ್ತರ ಕೊಡುವುದು ಬ್ಲಾಕಿನ ಕೆಲಸ. ಬುಷ್ಷಿನ ಮೇಲೆ ಅಷ್ಟೇ ಮೆತ್ತನೆಯ, ಅದಕ್ಕಿಂತ ದಪ್ಪದ ರಬ್ಬರ್ ಪೇರಿಸಿದರೆ ಬಳುಕು ಎರಡರಷ್ಟಲ್ಲ, ಅದಕ್ಕೂ ಹೆಚ್ಚಾಗುತ್ತದೆ. ಒಂದು ಗಾಲಿ ಎತ್ತಿನ ಗಾಡಿ ಕೊರೆದ ಚಾಕೋರಿಗೆ ಇಳಿದಾಗ ಬಾಡಿ ಒಂದು ಕಡೆ ವಾಲಿ, ಸ್ಟಿಯರಿಂಗ್ ಇನ್ನೊಂದು ಮಾತು ಹೇಳುತ್ತದೆ. ಇದರ ಮಗ್ಗುಲಿನ ಆಕ್ಷೇಪವೂ ಒಂದಿದೆ: ಉಕ್ಕಿನ ಬ್ಲಾಕು ಹಾಕಿದರೆ ಎಂಜಿನಿನ ನಡುಕವೆಲ್ಲ ಸೀಟಿಗೆ ಬರುವುದಿಲ್ಲವೇ? ಬುಷ್ ತೆಗೆದು ಅದರ ಜಾಗಕ್ಕೆ ಉಕ್ಕು ಇಟ್ಟರೆ ಖಂಡಿತ ಬರುತ್ತದೆ. ಬುಷ್ ಇದ್ದಲ್ಲೇ ಇದ್ದು, ಅದರ ಮೇಲೆ ಬ್ಲಾಕು ಕೂತರೆ ನಡುಕ ಮೊದಲು ರಬ್ಬರನ್ನೇ ದಾಟಿ ಬರಬೇಕು. ಬಾಡಿಯ ಕಾಲು ಎರಡು ಇಂಚು ಉದ್ದವಾದಂತೆ, ಅಷ್ಟೇ. ಹತ್ತು ವರ್ಷದ ಗಾಡಿಯಾದರೆ ಬುಷ್ಷುಗಳು ಬಿರುಕು ಬಿಟ್ಟಿರುತ್ತವೆ. ಬಾಡಿ ಹೇಗೂ ಎತ್ತಿರುವಾಗ ಅವನ್ನು ಹೊಸದು ಹಾಕಿಸುವುದಕ್ಕೆ ಖರ್ಚು ಮಾಡಿದರೆ ಕುಲುಕಾಟದ ದೂರಿಗೆ ನಿಜವಾದ ಮದ್ದು ಸಿಗುತ್ತದೆ.

ಮರದ ಮಾತು ಬಂದಾಗ ಹಳಬರು ಲಾರಿ ತೋರಿಸುತ್ತಾರೆ. ಲಾರಿಯ ಚಾಸಿಗೂ ಲೋಡ್ ಬಾಡಿಗೂ ನಡುವೆ ಉದ್ದಕ್ಕೂ ಮರದ ತೊಲೆ ಹಾಕಿ ಯು-ಬೋಲ್ಟಿನಿಂದ ಕಟ್ಟುವುದು ಈ ದೇಶದಲ್ಲಿ ಎಷ್ಟೋ ಕಾಲದಿಂದ ನಡೆದುಬಂದ ಪದ್ಧತಿ, ಅದು ಚೆನ್ನಾಗಿಯೇ ನಡೆದಿದೆ. ಆದರೆ ಅಲ್ಲಿ ಭಾರ ಹತ್ತಾರು ಅಡಿ ಉದ್ದದ ತೊಲೆಯ ಮೇಲೆ ಹರಡಿರುತ್ತದೆ, ಯು-ಬೋಲ್ಟ್ ಮರದ ಹೊರಗಿನಿಂದ ತಬ್ಬಿರುತ್ತದೆ, ಸಡಿಲಾದದ್ದು ಕಣ್ಣಿಗೆ ಕಾಣುತ್ತದೆ, ಡ್ರೈವರ್ ಪಾನಾ ತೆಗೆದು ಬಿಗಿದುಕೊಳ್ಳುತ್ತಾನೆ. ಮೂರಿಂಚು ಅಗಲದ ಮರದ ತುಂಡಿನ ನಡುವೆ ತೂತು ಕೊರೆದು, ಕಾರ್ಪೆಟ್ಟಿನ ಅಡಿಯಲ್ಲಿ ಮುಚ್ಚಿಟ್ಟ ಬೋಲ್ಟಿನಿಂದ ಹಿಂಡುವುದು ಬೇರೆಯೇ ಕಥೆ. ಎತ್ತಿನ ಗಾಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾಲಿ ಮರದ ಗಾಲಿಗೆ ಕಮ್ಮಾರ ಕೆಂಪಗೆ ಕಾಸಿದ ಕಬ್ಬಿಣದ ಹಳಿ ತೊಡಿಸಿ ನೀರು ಹಾಕಿ ಬಿಗಿಸುತ್ತಾನೆ; ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಅದೇ ಹಳಿ ಸಡಿಲಾಗಿ ಗಡಗಡ ಎನ್ನುತ್ತದೆ, ಗಾಲಿಯನ್ನು ಹಳ್ಳದ ನೀರಿನಲ್ಲಿ ನೆನೆಹಾಕಬೇಕಾಗುತ್ತದೆ. ಥಾರ್ ಗಾಡಿಯನ್ನು ಹಳ್ಳದಲ್ಲಿ ನೆನೆಹಾಕಲಾದೀತೇ?

ಕೊನೆಗೆ ಉಳಿಯುವುದು ಅಲ್ಯೂಮಿನಿಯಂ ಮತ್ತು ಉಕ್ಕು. ನಿಜವಾದ ಚರ್ಚೆ ಇರುವುದು ಇಲ್ಲಿಯೇ, ಮತ್ತು ಅಲ್ಯೂಮಿನಿಯಂ ಸುಲಭವಾಗಿ ಸೋಲುವ ಎದುರಾಳಿಯಲ್ಲ. 6061 ಅಥವಾ 6082 ಎಂಬ ಮಿಶ್ರಲೋಹ, ಟಿ6 ಹದದ್ದು, ಈ ಕೆಲಸಕ್ಕೆ ಧಾರಾಳವಾಗಿ ಸಾಕಾಗುವಷ್ಟು ಗಟ್ಟಿ. ಬಿಸಿಗೆ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ ನಿಜ, ಆದರೆ ಎರಡಿಂಚಿನ ಬ್ಲಾಕಿನಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ನನ್ನ ಅನುಮಾನ ಎರಡು. ಮೊದಲನೆಯದು, ಕೈಗೆ ಬಂದ ಬಿಳಿ ಸರಳು ಯಾವ ದರ್ಜೆಯದ್ದೆಂದು ನೋಡಿ ಹೇಳುವುದು ಆಗದ ಮಾತು. 6061 ಕೂಡ ಬೆಳ್ಳಗೆ, ಪಾತ್ರೆ ಮಾಡುವ ಮೆತ್ತನೆಯ ಅಲ್ಯೂಮಿನಿಯಂ ಕೂಡ ಬೆಳ್ಳಗೆ. ಮುರಿದ ಪಿಸ್ಟನ್ನು, ಹಳೆ ಪಾತ್ರೆ ಕರಗಿಸಿ ಎರಕ ಹೊಯ್ದದ್ದಾದರೆ ಒಳಗೆ ಗಾಳಿಗುಳ್ಳೆಗಳೂ ಇರುತ್ತವೆ. ಎರಡನೆಯದು ನಮ್ಮ ನೆಲದ್ದೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿ, ಸಿಂಧನೂರು ಕಡೆಯ ಎಷ್ಟೋ ಗದ್ದೆಗಳು ಸವಳು ಜವಳಾಗಿವೆ. ನಾರಾಯಣಪುರ ಬಲದಂಡೆಯ ದೇವದುರ್ಗದಲ್ಲೂ ಕಾಲುವೆ ಬದಿಯ ಕೆಸರು ತಪ್ಪಿದ್ದಲ್ಲ. ಉಪ್ಪುಂಡ ಒದ್ದೆ ಮಣ್ಣು ಅಲ್ಯೂಮಿನಿಯಂ ಮತ್ತು ಉಕ್ಕು ಕೂಡುವ ಸಂದಿಯಲ್ಲಿ ಕೂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ತಯಾರಾಗುತ್ತದೆ, ಆ ಬ್ಯಾಟರಿಯಲ್ಲಿ ಕರಗುವ ಪಾಲು ಅಲ್ಯೂಮಿನಿಯಮ್ಮಿನದು. ಬೂದುಬಿಳಿ ಪುಡಿ ಉದುರತೊಡಗಿದಾಗ ಬ್ಲಾಕಿನ ಮುಖ ತಿಂದುಹೋಗುತ್ತಿದೆ ಎಂದರ್ಥ.

ಉಕ್ಕಿಗೆ ಜಂಗು ಹಿಡಿಯುವುದಿಲ್ಲವೇ? ಹಿಡಿಯುತ್ತದೆ. ಆದರೆ ಅದರ ಸುತ್ತಲಿನ ಚಾಸಿ, ಬೋಲ್ಟು, ವಾಷರ್ ಕೂಡ ಉಕ್ಕೇ. ಒಂದು ಲೋಹ ಇನ್ನೊಂದನ್ನು ತಿನ್ನುವ ಪ್ರಶ್ನೆಯಿಲ್ಲ, ಬಿಸಿಗೆ ಎಲ್ಲವೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ತೂಕದ ಆಕ್ಷೇಪಕ್ಕೂ ಲೆಕ್ಕವೇ ಉತ್ತರ: 60 ಮಿಲಿಮೀಟರ್ ಅಗಲ, 50 ಎತ್ತರದ ಉಕ್ಕಿನ ಬಿಲ್ಲೆ ಒಂದು ಕಿಲೋ ಚಿಲ್ಲರೆ ತೂಗುತ್ತದೆ, ಅಷ್ಟೇ ಅಳತೆಯ ಅಲ್ಯೂಮಿನಿಯಂ ಬಿಲ್ಲೆ 360 ಗ್ರಾಮಿನಷ್ಟು. ಹತ್ತು ಬಿಲ್ಲೆಗೆ ವ್ಯತ್ಯಾಸ ಏಳು ಕಿಲೋ. ಅರ್ಧ ಕೊಡ ನೀರು. ಎಂಎಸ್ ರೌಂಡ್ ಎಂದು ಕರೆಯುವ ಸಾದಾ ಉಕ್ಕಿನ ಸರಳು ಲೇತ್ ಅಂಗಡಿಯವರಿಗೆ ದಿನನಿತ್ಯದ ಸಾಮಾನು. ಹೇಳಬೇಕಾದದ್ದು ಎರಡೇ: ಎರಡೂ ಮುಖ ಸಮನಾಗಿ, ಒಂದಕ್ಕೊಂದು ಓರೆಯಿಲ್ಲದೆ ಕಡೆಯಬೇಕು, ಎಲ್ಲ ಬಿಲ್ಲೆಗಳ ಎತ್ತರ ಒಂದೇ ಇರಬೇಕು. ಎರಡು ಬಿಲ್ಲೆ ಪೇರಿಸುವುದು, ವಾಷರ್ ಮೇಲೆ ವಾಷರ್ ಹಾಕಿ ಎತ್ತರ ಸರಿಮಾಡುವುದು ಬೇಡ, ಯಾಕೆಂದರೆ ಪ್ರತಿಯೊಂದು ಸಂದೂ ಕೂತುಕೊಳ್ಳುವಾಗ ಹಿಡಿತದ ಒಂದಿಷ್ಟನ್ನು ತಿನ್ನುತ್ತದೆ. ಮುಖಗಳಿಗೆ ತೆಳುವಾದ ಸತುವಿನ ಲೇಪ ಸಾಕು; ದಪ್ಪಗೆ ಪೇಂಟ್ ಬಳಿದರೆ ಆ ಪೇಂಟೇ ಪ್ಲಾಸ್ಟಿಕ್ಕಿನಂತೆ ಕುಸಿಯುತ್ತದೆ. ಎತ್ತರ ಅಗಲವನ್ನು ಮೀರಬಾರದು, ಎರಡು ಇಂಚನ್ನಂತೂ ದಾಟಲೇಬಾರದು. ಬ್ಲಾಕು ಎತ್ತರವಾದಷ್ಟೂ ಅಡ್ಡ ಹೊಡೆತಕ್ಕೆ ಅದು ಹಾರೆಯಂತೆ ವರ್ತಿಸಿ ಬೋಲ್ಟನ್ನು ಮೀಟುತ್ತದೆ. ಹಾರ್ಡ್‌ವೇರ್ ಅಂಗಡಿಯ ಉದ್ದನೆಯ ಥ್ರೆಡ್ ರಾಡ್ ಕತ್ತರಿಸಿ ಬೋಲ್ಟಿನ ಬದಲು ಹಾಕುವುದು ಈ ಇಡೀ ಲೆಕ್ಕವನ್ನೇ ಮಣ್ಣುಪಾಲು ಮಾಡುವ ಉಳಿತಾಯ; ಬೋಲ್ಟಿನ ತಲೆಯ ಮೇಲೆ 8.8 ಎಂದು ಒತ್ತಿರುವುದನ್ನು ಬೆರಳಿನಿಂದ ಸವರಿ ನೋಡಿಯೇ ಕೊಳ್ಳಬೇಕು. ಸ್ಟಿಯರಿಂಗ್ ಶಾಫ್ಟು, ಡೀಸೆಲ್ ತುಂಬುವ ಪೈಪು, ಬ್ರೇಕ್ ಪೈಪು, ಅರ್ತ್ ವೈರು ಎಳೆದುಕೊಂಡಿವೆಯೇ, ರೇಡಿಯೇಟರಿನ ಕವಚಕ್ಕೆ ಫ್ಯಾನು ತಗಲುತ್ತಿದೆಯೇ ಎಂಬುದನ್ನು ಯಾವ ಮೇಸ್ತ್ರಿಯಾದರೂ ನೋಡಿಯೇ ನೋಡುತ್ತಾನೆ.

ಕಾನೂನಿನ ಮಾತನ್ನು ಬಿಟ್ಟು ಹೋಗುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಾಗಿದ್ದ ಮೇಲೆ ಇಷ್ಟೆಲ್ಲ ಬರೆಯುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೊಲ, ತೋಟದೊಳಗೆ ಓಡುವ ಗಾಡಿಗಳಿವೆ, ಆಫ್‌ರೋಡ್ ಸ್ಪರ್ಧೆಗೆಂದೇ ಇಟ್ಟ ಗಾಡಿಗಳಿವೆ. ಅದಲ್ಲದೆ ನಮ್ಮ ಜಿಲ್ಲೆಯ ಕೆಎ-36ರ ನೋಂದಣಿ ಫಲಕ ಹೊತ್ತು, ದಂಡದ ಹೆದರಿಕೆಯನ್ನೂ ಮೀರಿ ಎತ್ತಿಸಿಕೊಂಡವೂ ರಸ್ತೆಯಲ್ಲಿ ಕಾಣುತ್ತವೆ. ರಸ್ತೆಗಿಳಿಸುವ ಗಾಡಿಯಾದರೆ ಜಾಕ್ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಬರವಣಿಗೆಯಲ್ಲಿ ಕೇಳುವುದು ಒಳಿತು. ಈಗಾಗಲೇ ಎತ್ತಿಸಿಕೊಂಡು, ಒಳಗೆ ಏನಿಟ್ಟಿದ್ದಾರೆಂದು ತಿಳಿಯದವರು ಕನಿಷ್ಠ ಒಂದು ಬ್ಲಾಕನ್ನಾದರೂ ಬಗ್ಗಿ ನೋಡಿ.

ಉಕ್ಕು ಹಾಕಿಸಿದರೂ ಹಾಕಿ ಮರೆಯುವಂತಿಲ್ಲ. ಮೊದಲ ಐನೂರು ಕಿಲೋಮೀಟರಿಗೆ ಒಮ್ಮೆ, ಬೇಸಿಗೆ ಮುಗಿದ ಮೇಲೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಟಾರ್ಕ್ ಪಾನಾ ಹಾಕಿ ನೋಡಬೇಕು. ಬಿಗಿದ ದಿನವೇ ನಟ್ಟಿನಿಂದ ಚಾಸಿಯವರೆಗೆ ಬಿಳಿ ಪೇಂಟಿನ ಒಂದು ಸಣ್ಣ ಗೆರೆ ಎಳೆದಿಟ್ಟರೆ, ನಟ್ಟು ತಿರುಗಿದಾಗ ಗೆರೆ ಮುರಿದು ಕಾಣುತ್ತದೆ. ಲಾರಿಗಳ ಗಾಲಿ ನಟ್ಟಿಗೂ ಹೀಗೆ ಗುರುತು ಹಾಕುವುದುಂಟು. ಪ್ಲಾಸ್ಟಿಕ್ ಬ್ಲಾಕಿದ್ದಲ್ಲಿ ಮಾತ್ರ ಈ ಗೆರೆಯನ್ನು ನಂಬುವಂತಿಲ್ಲ. ಅಲ್ಲಿ ನಟ್ಟು ಒಂದಿಷ್ಟೂ ತಿರುಗಿರುವುದಿಲ್ಲ, ಗೆರೆ ಎಳೆದ ದಿನದಂತೆಯೇ ನೇರವಾಗಿರುತ್ತದೆ. ಕುಸಿದಿರುವುದು ಬ್ಲಾಕು.